ಮಂಗಳೂರಿನಲ್ಲಿ ಅರಿವಳಿಕೆ ಸಿಎಂಇ: ಕಡಲ ತೀರದ ರೆಸಾರ್ಟೋ, ಕಾಲೇಜಿನ ವರ್ಕ್‌ಶಾಪೋ?

ಪ್ರಶ್ನೆ: ಶಿವಮೊಗ್ಗದ ಫ್ರೀಲಾನ್ಸರ್

ಮಾನ್ಯರೇ,

ನಾನು ಶಿವಮೊಗ್ಗದಲ್ಲಿ ಯಾವುದೇ ಒಂದು ಆಸ್ಪತ್ರೆಗೆ ಸೇರದೆ, ಕರೆ ಬಂದ ನರ್ಸಿಂಗ್ ಹೋಮ್‌ಗಳಿಗೆ ಹೋಗಿ ಅರಿವಳಿಕೆ ನೀಡುವ ವೈದ್ಯೆ. ಸಿಸೇರಿಯನ್, ಹರ್ನಿಯಾ, ಮೂಳೆ ಮುರಿತ ಇವೇ ಹೆಚ್ಚು. ಬಹುಪಾಲು ಕೇಸುಗಳು ಸ್ಪೈನಲ್‌ನಲ್ಲೇ (ಬೆನ್ನಿಗೆ ಚುಚ್ಚಿ ದೇಹದ ಕೆಳಭಾಗವನ್ನು ಮರಗಟ್ಟಿಸುವ ಅರಿವಳಿಕೆ) ಮುಗಿಯುತ್ತವೆ. ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ನೋಂದಣಿ ನವೀಕರಿಸುವ ಸಮಯ ಹತ್ತಿರವಾಗುತ್ತಿದ್ದು, 5 ವರ್ಷಗಳಲ್ಲಿ ಸೇರಿಸಬೇಕಾದ 30 ಕ್ರೆಡಿಟ್ ಗಂಟೆಗಳಲ್ಲಿ ಇನ್ನೂ ಕೆಲವು ನನಗೆ ಬಾಕಿ ಇವೆ.

ಎರಡು ಸಿಎಂಇ (ವೈದ್ಯರ ಮುಂದುವರಿದ ಶಿಕ್ಷಣ) ಕಾರ್ಯಕ್ರಮಗಳ ಕರಪತ್ರಗಳು ನನ್ನ ಮುಂದಿವೆ. ಒಂದು ಮಂಗಳೂರಿನ ಹೊರವಲಯದಲ್ಲಿ, ಕಡಲಿಗೆ ತಾಗಿದ ರೆಸಾರ್ಟಿನಲ್ಲಿ ನಡೆಯುತ್ತದೆ: ಮೊದಲ ದಿನ ಉಪನ್ಯಾಸಗಳು, ಮರುದಿನ ಬೆಳಿಗ್ಗೆ ‘ವರ್ಕ್‌ಶಾಪ್’, ಮಧ್ಯಾಹ್ನದ ನಂತರ ಬಿಡುವು. ಇನ್ನೊಂದು ಮೆಡಿಕಲ್ ಕಾಲೇಜೊಂದರ ಒಳಗೆ, ಇಡೀ ದಿನ ಅಲ್ಟ್ರಾಸೌಂಡ್ ಬ್ಲಾಕ್ (ಪರದೆಯ ಮೇಲೆ ನೋಡುತ್ತಾ ನರದ ಬಳಿ ಔಷಧ ಚುಚ್ಚಿ ಆ ಭಾಗವನ್ನಷ್ಟೇ ಮರಗಟ್ಟಿಸುವುದು) ಮತ್ತು ಕಷ್ಟಕರ ಶ್ವಾಸಮಾರ್ಗದ ಅಭ್ಯಾಸ. ಬಿಡುವಿನ ಮಾತೇ ಇಲ್ಲ. ಮನೆಯವರು ಮತ್ತು ಮಕ್ಕಳು ಸಹಜವಾಗಿಯೇ ಮೊದಲನೆಯದರ ಪರ. ನನಗೂ ಕಡಲು ಬೇಡವೆಂದಲ್ಲ. ಆದರೆ ಕೆಲಸ ಬಿಟ್ಟು ಬಂದ ದಿನಗಳ ಸಂಪಾದನೆ ಹೋಗಿರುತ್ತದೆ. ಹಿಂತಿರುಗಿದ ಮೇಲೆ ನನ್ನ ಟೇಬಲ್ಲಿನ ಮುಂದೆ ಏನಾದರೂ ಬದಲಾಗಬೇಕು ಎಂಬ ಆಸೆ ಇದೆ.

ಪ್ರವಾಸಿ ತಾಣದಲ್ಲಿ ನಡೆಯುವ ಇಂತಹ ಕಾರ್ಯಕ್ರಮದಲ್ಲಿ ಕಲಿಕೆ ಎಷ್ಟರ ಮಟ್ಟಿಗೆ ನಿಜವಾಗಿ ನಡೆಯುತ್ತದೆ ಎಂಬುದನ್ನು ಹಣ ಕಟ್ಟುವ ಮೊದಲೇ ತಿಳಿಯುವುದು ಹೇಗೆ? ಕುಟುಂಬದೊಂದಿಗೆ ಬರುವುದಾದರೆ ಯಾವ ತಿಂಗಳು ಸೂಕ್ತ? ಔಷಧ ಕಂಪನಿಯ ಪ್ರತಿನಿಧಿಯೊಬ್ಬರು ಕೊಠಡಿಯ ವ್ಯವಸ್ಥೆ ಮಾಡಿಕೊಡುವುದಾಗಿ ಹೇಳುತ್ತಿದ್ದಾರೆ, ಒಪ್ಪಬಹುದೇ? ಮಂಗಳೂರು, ಉಡುಪಿಯ ಸಹೋದ್ಯೋಗಿಗಳು ದಯವಿಟ್ಟು ತಿಳಿಸಿ.

ಉತ್ತರ 1: ಮಂಗಳೂರಿನ ಅಧ್ಯಾಪಕ

ಮೇಡಂ, ನಿಮ್ಮ ಮೊದಲ ಪ್ರಶ್ನೆಗೆ ಮಾತ್ರ ವಿವರವಾಗಿ ಉತ್ತರಿಸುತ್ತೇನೆ; ಉಳಿದವನ್ನು ಇತರರು ನನಗಿಂತ ಚೆನ್ನಾಗಿ ಹೇಳಬಲ್ಲರು.

ಕರಪತ್ರದಲ್ಲಿ ‘ವರ್ಕ್‌ಶಾಪ್’ ಎಂದು ಬರೆದಿದ್ದರೆ ಅದು ಯಾವ ಕಟ್ಟಡದಲ್ಲಿ ನಡೆಯುತ್ತದೆ ಎಂದು ಸಂಘಟಕರಿಗೆ ಫೋನ್ ಮಾಡಿ ಕೇಳಿ. ಇದು ಕೇವಲ ವಿಳಾಸದ ಪ್ರಶ್ನೆಯಲ್ಲ. ಅಲ್ಟ್ರಾಸೌಂಡ್ ಯಂತ್ರವು 1994ರ ಪಿಸಿಪಿಎನ್‌ಡಿಟಿ (ಭ್ರೂಣಲಿಂಗ ಪತ್ತೆ ತಡೆ) ಕಾಯ್ದೆಯ ಅಡಿಯಲ್ಲಿ ಯಾವ ಸ್ಥಳದ ಹೆಸರಿಗೆ ನೋಂದಣಿಯಾಗಿದೆಯೋ ಅಲ್ಲಿಯೇ ಇರಬೇಕು. ಅದನ್ನು ಬೇರೆಡೆಗೆ ಒಯ್ಯಬೇಕಾದರೆ ಜಿಲ್ಲೆಯ ಸಕ್ಷಮ ಪ್ರಾಧಿಕಾರದ ಅನುಮತಿ ಬೇಕು. ನಾವು ಭುಜದ ಮೇಲೋ ತೊಡೆಯ ಮೇಲೋ ಪ್ರೋಬ್ ಇಡುವವರು, ಭ್ರೂಣಲಿಂಗ ಪತ್ತೆಗೂ ನಮಗೂ ಸಂಬಂಧವಿಲ್ಲ ಎಂದು ವಾದಿಸಿದರೆ ಕಾನೂನು ಕೇಳುವುದಿಲ್ಲ. ಹೀಗಾಗಿ ರೆಸಾರ್ಟಿನ ಸಭಾಂಗಣದಲ್ಲಿ ಸಾಲಾಗಿ ಯಂತ್ರಗಳನ್ನಿಟ್ಟು ಬ್ಲಾಕ್ ಕಲಿಸುವುದು ಸುಲಭದ ಮಾತಲ್ಲ, ಮತ್ತು ಅಂತಹ ಕಡೆ ‘ವರ್ಕ್‌ಶಾಪ್’ ಎಂದು ಕರೆಯುವುದು ಹಲವು ಸಲ ದೊಡ್ಡ ಪರದೆಯ ಮೇಲೆ ತೋರಿಸುವ ವಿಡಿಯೊ ಆಗಿರುತ್ತದೆ.

ಎರಡನೆಯದಾಗಿ, ಒಂದು ಯಂತ್ರಕ್ಕೆ ಎಷ್ಟು ಮಂದಿ ಎಂದು ಕೇಳಿ. ಬ್ಲಾಕ್ ಕಲಿಯುವವರಿಗೆ ನರ ಎಲ್ಲಿದೆ ಎಂದು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಚಿತ್ರ ನೋಡಿ ನೋಡಿ ಅದು ಬರುತ್ತದೆ. ಕಷ್ಟವಿರುವುದು ಎರಡು ಕೈಗಳ ಹೊಂದಾಣಿಕೆಯಲ್ಲಿ: ಎಡಗೈಯ ಪ್ರೋಬ್ ಅಲುಗದಂತೆ ಹಿಡಿದು, ಬಲಗೈಯ ಸೂಜಿಯ ತುದಿಯನ್ನು ಉದ್ದಕ್ಕೂ ಪರದೆಯ ಮೇಲೆ ಕಾಣುವಂತೆ ನಡೆಸುವುದು. ಸೂಜಿಯ ನಡುಭಾಗವನ್ನು ತುದಿಯೆಂದು ಭಾವಿಸಿ ಮುಂದೆ ತಳ್ಳಿದರೆ ಅಪಾಯ ಅಲ್ಲಿಯೇ ಆರಂಭವಾಗುತ್ತದೆ. ಇದು ಜೆಲ್ ತುಂಬಿದ ಮಾದರಿಯ ಮೇಲೆ, ಅಥವಾ ಅಂಗರಚನಾ ವಿಭಾಗದಲ್ಲಿ ಮೃತದೇಹದ ಮೇಲೆ, ಸ್ವತಃ ಮತ್ತೆ ಮತ್ತೆ ಮಾಡಿದಾಗ ಮಾತ್ರ ಕೈಗೆ ಹತ್ತುತ್ತದೆ. ಒಂದು ಯಂತ್ರದ ಸುತ್ತ ಇಪ್ಪತ್ತು ಮಂದಿ ನಿಂತರೆ ಸೂಜಿ ಹಿಡಿಯುವ ಸರದಿ ಮಧ್ಯಾಹ್ನದ ಊಟದ ಹೊತ್ತಿಗೆ ಬಂದೀತು.

ನಿಮ್ಮ ಕೇಸುಗಳ ವಿವರ ಓದಿದಾಗ ನನಗೆ ಮೊದಲು ತೋಚಿದ್ದು ಸೊಂಟದ ಕೀಲು ಮುರಿದ ವೃದ್ಧರು. ಸ್ಪೈನಲ್ ಕೊಡಲು ಅವರನ್ನು ಕುಳ್ಳಿರಿಸುವುದೇ ದೊಡ್ಡ ಹಿಂಸೆ. ನೋವಿನಿಂದ ಬೆನ್ನು ಬಾಗಿಸಲಾರರು, ನಾಲ್ಕು ಜನ ಹಿಡಿದುಕೊಳ್ಳಬೇಕು. ಮೊದಲು ಸೊಂಟದ ಕೀಲಿನ ನೋವು ತಗ್ಗಿಸುವ ಫೇಶಿಯಾ ಇಲಿಯಾಕಾ ಬ್ಲಾಕ್ ಅಥವಾ 2018ರಲ್ಲಿ ವಿವರಿಸಲಾದ ಪೆಂಗ್ ಬ್ಲಾಕ್ ಕೊಟ್ಟು ಸ್ವಲ್ಪ ಹೊತ್ತು ಕಾದರೆ ಕುಳ್ಳಿರಿಸುವುದು ಎಷ್ಟೋ ಸುಲಭವಾಗುತ್ತದೆ. ಹತ್ತಾರು ಬ್ಲಾಕ್‌ಗಳ ಪರಿಚಯಕ್ಕಿಂತ ಇದೊಂದು ಬ್ಲಾಕ್ ಕೈಗೆ ಬರುವುದು ನಿಮಗೆ ಹೆಚ್ಚು ಉಪಯುಕ್ತ. ಅಲ್ಲಿನ ನರ್ಸಿಂಗ್ ಹೋಮ್‌ನ ಯಂತ್ರವನ್ನು ಬಳಸುವ ಮೊದಲು ನಿಮ್ಮ ಹೆಸರು ಅದರ ನೋಂದಣಿಯಲ್ಲಿ ಸೇರಬೇಕೇ ಎಂಬುದನ್ನು ನಿಮ್ಮ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ.

ಶ್ವಾಸಮಾರ್ಗದ ವಿಷಯದಲ್ಲಿಯೂ ಹೀಗೆಯೇ. ಟ್ಯೂಬ್ ಹಾಕಲೂ ಆಗದೆ, ಆಮ್ಲಜನಕ ನೀಡಲೂ ಆಗದೆ ಹೋದಾಗ ಕತ್ತಿನ ಮುಂಭಾಗದಿಂದ ದಾರಿ ಮಾಡಬೇಕಾದ ಸಂದರ್ಭ ನಮ್ಮಲ್ಲಿ ಅನೇಕರಿಗೆ ಇಡೀ ವೃತ್ತಿಜೀವನದಲ್ಲಿ ಒಮ್ಮೆಯೂ ಬರುವುದಿಲ್ಲ. ಬಂದಾಗ ಯೋಚಿಸಲು ಸಮಯ ಇರುವುದಿಲ್ಲ. ಬ್ರಿಟನ್ನಿನ ಡಿಫಿಕಲ್ಟ್ ಏರ್‌ವೇ ಸೊಸೈಟಿಯ 2015ರ ಮಾರ್ಗಸೂಚಿ ಇದಕ್ಕೆ ಹೇಳುವ ಸಾಮಾನು ಮೂರೇ: 10ನೆಯ ಸಂಖ್ಯೆಯ ಬ್ಲೇಡ್, ಬೂಜಿ (ಟ್ಯೂಬಿಗೆ ದಾರಿ ತೋರುವ ತೆಳ್ಳನೆಯ ಕಡ್ಡಿ), 6ನೆಯ ಅಳತೆಯ ಕಫ್ (ಗಾಳಿ ತುಂಬುವ ಪಟ್ಟಿ) ಇರುವ ಟ್ಯೂಬ್. ನಮ್ಮ ಕಾಲೇಜುಗಳಲ್ಲಿ ಮಟನ್ ಅಂಗಡಿಯಿಂದ ಆಡಿನ ಶ್ವಾಸನಾಳ ತರಿಸಿ ಇದನ್ನು ಅಭ್ಯಾಸ ಮಾಡಿಸುವ ರೂಢಿ ಇದೆ. ರೆಸಾರ್ಟಿನ ಹವಾನಿಯಂತ್ರಿತ ಸಭಾಂಗಣದಲ್ಲಿ ಆಡಿನ ಶ್ವಾಸನಾಳವನ್ನು ಹರಡಲು ಮ್ಯಾನೇಜರ್ ಒಪ್ಪುವುದು ಅನುಮಾನ.

ಮಂಗಳೂರಿನ ನಿಜವಾದ ಅನುಕೂಲವೂ ಇಲ್ಲಿಯೇ ಇದೆ. 1848ರ ವೆನ್‌ಲಾಕ್ ಆಸ್ಪತ್ರೆ, ಕಸ್ತೂರ್ಬಾ, ಕಂಕನಾಡಿಯ ಫಾದರ್ ಮುಲ್ಲರ್, ಕುಂಟಿಕಾನದ ಎ.ಜೆ., ದೇರಳಕಟ್ಟೆಯ ಕೆ.ಎಸ್. ಹೆಗ್ಡೆ, ಯೆನೆಪೊಯ, ಕಣಚೂರು, ಮುಕ್ಕದ ಶ್ರೀನಿವಾಸ. ಉಡುಪಿಯ ಕಡೆಗೆ ಹೋದರೆ 1953ರಲ್ಲಿ ಆರಂಭವಾದ ಮಣಿಪಾಲ. ಇಷ್ಟು ಸಣ್ಣ ಕರಾವಳಿ ಪಟ್ಟಿಯಲ್ಲಿ ಇಷ್ಟೊಂದು ಬೋಧನಾ ಆಸ್ಪತ್ರೆಗಳಿರುವಾಗ ಕಲಿಸುವವರಿಗೂ ಯಂತ್ರಗಳಿಗೂ ಕೊರತೆಯಿಲ್ಲ. ಇಲ್ಲಿಗೆ ಬಂದು ಅವುಗಳ ಒಳಗೆ ಕಾಲಿಡದೆ ಹೋದರೆ ಬಂದ ಪ್ರಯೋಜನ ಅರ್ಧವಾಯಿತು. ಆದ್ದರಿಂದ ಕಾಲೇಜಿನ ದಿನವನ್ನು ಮೊದಲು ಕಾದಿರಿಸಿ, ಕಡಲಿಗೆ ಮರುದಿನವನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. ಎರಡನ್ನೂ ಒಂದೇ ದಿನದಲ್ಲಿ ಬೆರೆಸಿದರೆ ಮಕ್ಕಳಿಗೂ ತೃಪ್ತಿಯಿಲ್ಲ, ನಿಮಗೂ ಇಲ್ಲ.

ಉತ್ತರ 2: ಕುಂದಾಪುರದ ಹಿರಿಯ ವೈದ್ಯ

ಅಧ್ಯಾಪಕರ ಮಾತಿಗೆ ಬಹುಮಟ್ಟಿಗೆ ನನ್ನ ಸಹಮತವಿದೆ, ಆದರೆ ರೆಸಾರ್ಟಿನ ಕಾರ್ಯಕ್ರಮವನ್ನು ಅವರು ಸ್ವಲ್ಪ ಬೇಗ ತಳ್ಳಿಹಾಕಿದರು ಎಂದು ನನ್ನ ಅಭಿಪ್ರಾಯ.

ಕಾಲೇಜಿನಲ್ಲಿರುವವರಿಗೆ ಪಕ್ಕದ ಥಿಯೇಟರಿನಲ್ಲಿ ಇನ್ನೊಬ್ಬ ಅರಿವಳಿಕೆ ವೈದ್ಯರು ಇರುತ್ತಾರೆ, ಕೂಗಿದರೆ ಬರುತ್ತಾರೆ. ತಾಲ್ಲೂಕಿನಲ್ಲಿ ಒಬ್ಬರೇ ದುಡಿಯುವ ನಮ್ಮಂಥವರು ತಮ್ಮದೇ ವಿಷಯದ ಇನ್ನೊಬ್ಬರೊಡನೆ ಮುಖಾಮುಖಿ ಕುಳಿತು ಮಾತನಾಡುವುದು ಇಂತಹ ಸಭೆಗಳಲ್ಲಿ ಮಾತ್ರ. ಸ್ಪೈನಲ್‌ನ ಪರಿಣಾಮ ಬೇಕಾದುದಕ್ಕಿಂತ ಮೇಲಕ್ಕೇರಿದ್ದು, ಪ್ರಸವದ ನಂತರದ ರಕ್ತಸ್ರಾವಕ್ಕೆ ರಾತ್ರಿ ರಕ್ತ ಸಿಗದೆ ಹೋದದ್ದು, ಸರ್ಜನ್ನರು ಅವಸರ ಮಾಡಿದಾಗ ಬೇಡವೆಂದು ಹೇಳಿದ್ದು, ಇವು ಉಪನ್ಯಾಸದಲ್ಲಿ ಬರುವುದಿಲ್ಲ. ರಾತ್ರಿ ಊಟದ ಮೇಜಿನ ಸುತ್ತ ಬರುತ್ತವೆ. ಆ ಬಿಡುವು ಕಾರ್ಯಕ್ರಮದಲ್ಲಿ ಇರಬೇಕು. ಹಾಗೆಂದು ಬಿಡುವೇ ಕಾರ್ಯಕ್ರಮವಾಗಬಾರದು. ಕೆಲವು ವರ್ಷಗಳ ಹಿಂದೆ ನಾನು ಹೋಗಿದ್ದ ಒಂದು ಸಭೆಯಲ್ಲಿ ಬೆಳಿಗ್ಗೆ ಸಹಿ ಹಾಕುವ ಮೇಜಿನ ಮುಂದೆ ಜಾತ್ರೆಯಂತೆ ಜನ, ಚಹಾದ ನಂತರ ಖಾಲಿ ಕುರ್ಚಿಗಳು. ಅಂದು ಮಾತನಾಡಬೇಕಾಗಿದ್ದ ಯುವ ವೈದ್ಯೆಯ ಮುಖ ನೋಡಿ ನನಗೇ ನಾಚಿಕೆಯಾಯಿತು.

ಅಮೆರಿಕದಲ್ಲಿ ನರ್ಸ್ ಅರಿವಳಿಕೆ ತಜ್ಞೆಯಾಗಿರುವ ನನ್ನ ಅಕ್ಕನ ಮಗಳು ಹೇಳುವ ಪ್ರಕಾರ, ಅಲ್ಲಿ ಸಮುದ್ರ ತೀರದಲ್ಲೋ ಬೆಟ್ಟದ ಮೇಲೋ ಇಂತಹ ಶಿಬಿರಗಳನ್ನು ನಡೆಸುವುದು ಬಹಳ ಸಾಮಾನ್ಯ. 2016ರಲ್ಲಿ ಅಲ್ಲಿ ಆರಂಭವಾದ ವ್ಯವಸ್ಥೆಯಲ್ಲಿ ಅವರು 4 ವರ್ಷಗಳಿಗೆ 100 ಕ್ರೆಡಿಟ್ ಸೇರಿಸಬೇಕಾಗಿತ್ತು, ಅದರಲ್ಲಿ 60 ಪರೀಕ್ಷಿಸಿ ಮಾನ್ಯ ಮಾಡಿದ ತರಗತಿಗಳಿಂದಲೇ ಬರಬೇಕಾಗಿತ್ತು. ಅಷ್ಟು ಸೇರಿಸಬೇಕಾದವರು ರಜೆಯನ್ನೂ ಕಲಿಕೆಯನ್ನೂ ಜೊತೆಗೂಡಿಸುತ್ತಾರೆ. ನಸುಕಿನಲ್ಲೇ ತರಗತಿ ಆರಂಭ, ಮಧ್ಯಾಹ್ನದ ಹೊತ್ತಿಗೆ ಮುಕ್ತಾಯ, ಆಮೇಲೆ ಅವರವರ ಪಾಡು. ನಮ್ಮ ದೇಶದಲ್ಲಿ ಅರಿವಳಿಕೆ ಕೊಡುವುದು ಎಂ.ಡಿ., ಡಿ.ಎನ್.ಬಿ. ಅಥವಾ ಡಿ.ಎ. ಮಾಡಿದ ವೈದ್ಯರ ಕೆಲಸವಾದ್ದರಿಂದ ಹೋಲಿಕೆ ನೇರವಾಗಿ ಕೂಡುವುದಿಲ್ಲ. ಆದರೂ ಬೆಳಗಿನ ಹೊತ್ತನ್ನು ಕಟ್ಟುನಿಟ್ಟಾಗಿ ತರಗತಿಗೆ ಬಿಡುವ ಪದ್ಧತಿಯನ್ನು ನಮ್ಮ ಸಂಘಟಕರು ಅನುಸರಿಸಬಹುದು. ಉದ್ಘಾಟನೆ, ದೀಪ ಬೆಳಗುವುದು, ಶಾಲು, ಸ್ಮರಣಿಕೆ, ಧನ್ಯವಾದ ಎಲ್ಲ ಮುಗಿಸಿ ಹನ್ನೊಂದು ಗಂಟೆಗೆ ಮೊದಲ ಉಪನ್ಯಾಸ ಆರಂಭಿಸುವ ನಮ್ಮ ಕ್ರಮದಲ್ಲಿ ಮಧ್ಯಾಹ್ನದ ಕಡಲಿಗೂ ಉಪನ್ಯಾಸಕ್ಕೂ ಜಗಳ ತಪ್ಪದು.

ಒಂದು ಮಾತು ವಿಷಯಕ್ಕೆ ಸ್ವಲ್ಪ ಪಕ್ಕದ್ದು. ಕೆಲವರು ಸಮ್ಮೇಳನದ ಅಂಗವಾಗಿ ಕಡಲ ತೀರದಲ್ಲಿ ಸಾರ್ವಜನಿಕರಿಗೆ ಹೃದಯ ಒತ್ತುವಿಕೆಯ ಪ್ರಾತ್ಯಕ್ಷಿಕೆ ನಡೆಸುತ್ತಾರೆ. ಇಂಡಿಯನ್ ರೆಸಸಿಟೇಶನ್ ಕೌನ್ಸಿಲ್ ಜನಸಾಮಾನ್ಯರಿಗಾಗಿ ರೂಪಿಸಿದ ಕೋಲ್ಸ್ ಪದ್ಧತಿ ಎದೆ ಒತ್ತುವುದನ್ನಷ್ಟೇ ಹೇಳುತ್ತದೆ, ಮತ್ತು ರಸ್ತೆಯಲ್ಲೋ ಬಸ್ ನಿಲ್ದಾಣದಲ್ಲೋ ಹಠಾತ್ತನೆ ಕುಸಿದವರಿಗೆ ಅದು ಸರಿ. ಆದರೆ ನೀರಿನಲ್ಲಿ ಮುಳುಗಿದವರ ಹೃದಯ ನಿಂತಿರುವುದು ಆಮ್ಲಜನಕ ಇಲ್ಲದೆ. ಅವರಿಗೆ ಉಸಿರನ್ನೂ ಕೊಡಬೇಕು. ಮಲ್ಪೆಯಲ್ಲಿ, ಪಣಂಬೂರಿನಲ್ಲಿ, ತಣ್ಣೀರುಬಾವಿಯಲ್ಲಿ ಜೀವರಕ್ಷಕರ ಮುಂದೆ ನಿಂತು ಎದೆ ಒತ್ತಿದರೆ ಸಾಕು ಎಂದು ಕಲಿಸಿ ಹೋಗುವುದು ಸರಿಯಲ್ಲ.

ಉತ್ತರ 3: ಉಡುಪಿಯ ಫ್ರೀಲಾನ್ಸರ್

ಉಳಿದ ಎರಡು ಪ್ರಶ್ನೆಗಳಿಗೆ ನಾನು ಉತ್ತರಿಸುತ್ತೇನೆ.

ಕೊಠಡಿಯನ್ನು ಒಪ್ಪಬೇಡಿ. 2002ರ ವೈದ್ಯರ ವೃತ್ತಿ ನಡವಳಿಕೆಯ ನಿಯಮಗಳಿಗೆ 2009ರಲ್ಲಿ ಸೇರಿಸಿದ ತಿದ್ದುಪಡಿಯು ಔಷಧ ಕಂಪನಿಗಳಿಂದ ಉಡುಗೊರೆ, ಪ್ರಯಾಣ, ವಸತಿ ಪಡೆಯುವುದನ್ನು ವೈದ್ಯರಿಗೆ ನಿಷೇಧಿಸಿದೆ. ಸಮ್ಮೇಳನಕ್ಕೆ ಪ್ರತಿನಿಧಿಯಾಗಿ ಹೋಗುವುದಕ್ಕೂ, ಕುಟುಂಬದ ರಜೆಗೂ ಅದು ಅನ್ವಯ. 2024ರ ಮಾರ್ಚ್‌ನಲ್ಲಿ ಬಂದ ಔಷಧ ಮಾರಾಟದ ಏಕರೂಪ ಸಂಹಿತೆಯೂ ಉಪನ್ಯಾಸ ನೀಡಲು ಬಂದವರಿಗೆ ಬಿಟ್ಟು ಇತರ ವೈದ್ಯರಿಗಾಗಲಿ ಅವರ ಕುಟುಂಬಕ್ಕಾಗಲಿ ಕಂಪನಿಗಳು ಇಂತಹ ಸೌಕರ್ಯ ಒದಗಿಸಬಾರದು ಎನ್ನುತ್ತದೆ. ‘ಎಲ್ಲರೂ ತೆಗೆದುಕೊಳ್ಳುತ್ತಾರೆ ಮೇಡಂ’ ಎಂದು ಆ ಪ್ರತಿನಿಧಿ ಹೇಳಬಹುದು. ವಿಚಾರಣೆ ಬಂದಾಗ ಉತ್ತರ ಕೊಡಬೇಕಾದವರು ನೀವು, ಅವರಲ್ಲ. ಆದಾಯ ತೆರಿಗೆಯ ಲೆಕ್ಕವನ್ನೂ ನೋಡಿ: ನೋಂದಣಿ ಶುಲ್ಕ ಮತ್ತು ನಿಮ್ಮ ಪ್ರಯಾಣದ ಖರ್ಚನ್ನು ವೃತ್ತಿಯ ವೆಚ್ಚವಾಗಿ ತೋರಿಸಬಹುದು, ಕುಟುಂಬದ ಪಾಲನ್ನು ತೋರಿಸುವಂತಿಲ್ಲ. ಅಂದಾಜು ಆದಾಯದ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಿಗೆ ಬಿಡಿ ವೆಚ್ಚಗಳ ಪ್ರಶ್ನೆಯೇ ಬರುವುದಿಲ್ಲ. ಎರಡೂ ಬಿಲ್ಲುಗಳನ್ನು ಬೇರೆ ಬೇರೆಯಾಗಿ ಪಡೆಯಿರಿ.

ತಿಂಗಳ ವಿಷಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಮಳೆ ನೋಡಲು ಚೆಂದ, ಆದರೆ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಗಳು ಹೋಗುವುದಿಲ್ಲ, ಮಕ್ಕಳನ್ನು ಕಡಲಿಗೆ ಇಳಿಸುವಂತಿಲ್ಲ. ಬೆಂಗಳೂರಿನಿಂದ ಬರುವ ಉಪನ್ಯಾಸಕರಿಗೆ ಶಿರಾಡಿ ಘಾಟಿಯ ಚಿಂತೆ. 2024ರ ಜುಲೈನಲ್ಲಿ ಸಕಲೇಶಪುರ–ಸುಬ್ರಹ್ಮಣ್ಯ ನಡುವೆ ಭೂಕುಸಿತದಿಂದ ರೈಲು ಸಂಚಾರವೂ ನಿಂತಿತ್ತು. ನಿಮಗೆ ಆಗುಂಬೆ ಘಾಟಿ ಇಳಿದು ಸೋಮೇಶ್ವರ, ಹೆಬ್ರಿ ಮೂಲಕ ಉಡುಪಿ ಹತ್ತಿರವೇ, ಆದರೂ ಸುರಿಮಳೆಯ ರಾತ್ರಿ ಆ ತಿರುವುಗಳನ್ನು ಇಳಿಯುವ ಯೋಜನೆ ಹಾಕಿಕೊಳ್ಳಬೇಡಿ. ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಉತ್ತಮ. ಹವೆ ಹಿತ, ಕಂಬಳಗಳಿರುತ್ತವೆ, ಯಕ್ಷಗಾನ ಮೇಳಗಳು ತಿರುಗಾಟದಲ್ಲಿರುತ್ತವೆ. ಇಡೀ ರಾತ್ರಿಯ ಆಟವನ್ನು ಮಾತ್ರ ವರ್ಕ್‌ಶಾಪಿನ ಮುನ್ನಾದಿನ ಇಟ್ಟುಕೊಳ್ಳಬೇಡಿ. ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ರ ಪರ್ಯಾಯದ ಆಸುಪಾಸಿನಲ್ಲಿ ಉಡುಪಿಯಲ್ಲಿ ಕೊಠಡಿ ಸಿಗುವುದು ದುಸ್ತರ.

ಕೆಲಸ ಬಿಟ್ಟು ಬರುವ ಬಗ್ಗೆ: ನಿಮ್ಮ ಬದಲಿಗೆ ಯಾರು ಎಂಬುದನ್ನು ಸರ್ಜನ್ನರಿಗೆ ಬಿಡದೆ ನೀವೇ ಗೊತ್ತುಮಾಡಿ, ಮೊದಲೇ ಹೆಸರು ತಿಳಿಸಿ. ಇಲ್ಲವಾದರೆ ತುರ್ತು ಸಿಸೇರಿಯನ್ನಿನ ಕರೆ ಸಭಾಂಗಣದೊಳಗೇ ಬರುತ್ತದೆ.

ಉತ್ತರ 4: ಮಣಿಪಾಲದ ಒಟಿ ಟೆಕ್ನಾಲಜಿಸ್ಟ್

ವೈದ್ಯರ ಚರ್ಚೆಯಲ್ಲಿ ಮಧ್ಯೆ ಬರುತ್ತಿರುವುದಕ್ಕೆ ಕ್ಷಮಿಸಿ. ನಾನು ಅರಿವಳಿಕೆ ಮತ್ತು ಒಟಿ (ಶಸ್ತ್ರಚಿಕಿತ್ಸಾ ಕೊಠಡಿ) ತಂತ್ರಜ್ಞಾನದಲ್ಲಿ ಬಿ.ಎಸ್‌ಸಿ. ಮಾಡಿದವನು.

ನೀವು ಕಲಿತು ಹೋದ ಬ್ಲಾಕ್ ನಿಮ್ಮ ಊರಿನ ಥಿಯೇಟರಿನಲ್ಲಿ ನಡೆಯಬೇಕಾದರೆ ಪಕ್ಕದಲ್ಲಿ ನಿಂತು ಸಿರಿಂಜ್ ಹಿಡಿಯುವವರಿಗೂ ಅದು ತಿಳಿದಿರಬೇಕು: ಔಷಧ ತಳ್ಳುವ ಮೊದಲು ಹಿಂದಕ್ಕೆ ಎಳೆದು ರಕ್ತ ಬರುತ್ತದೆಯೇ ನೋಡುವುದು, ಸ್ವಲ್ಪ ಸ್ವಲ್ಪವಾಗಿ ಕೊಡುವುದು, ಕೈಗೆ ಒತ್ತಡ ಹೆಚ್ಚೆನಿಸಿದರೆ ಕೂಡಲೇ ಹೇಳುವುದು. ನಮ್ಮನ್ನು ಇಂತಹ ಕಾರ್ಯಕ್ರಮಗಳಿಗೆ ಕರೆಯುವುದು ಹೆಚ್ಚಾಗಿ ಯಂತ್ರಗಳನ್ನು ಹೊಂದಿಸಿಡಲು. 2021ರಲ್ಲಿ ಬಂದ ಸಹಾಯಕ ಮತ್ತು ಆರೋಗ್ಯ ವೃತ್ತಿಪರರ ರಾಷ್ಟ್ರೀಯ ಆಯೋಗದ ಕಾಯ್ದೆಯು ನಮ್ಮ ವೃತ್ತಿಯನ್ನೂ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಕಲಿಕೆಯ ಕುರ್ಚಿ ಮಾತ್ರ ಇನ್ನೂ ಬಂದಿಲ್ಲ. ನೀವು ಕೆಲಸ ಮಾಡುವ ನರ್ಸಿಂಗ್ ಹೋಮ್‌ನ ಸಿಬ್ಬಂದಿಯಲ್ಲಿ ಒಬ್ಬರನ್ನಾದರೂ ಜೊತೆಗೆ ಕರೆತರಲು ಸಾಧ್ಯವೇ ಎಂದು ಅಲ್ಲಿನ ಮಾಲೀಕರನ್ನು ಕೇಳಿ ನೋಡಿ.

ಪ್ರಶ್ನಿಸಿದವರಿಂದ: ಶಿವಮೊಗ್ಗದ ಫ್ರೀಲಾನ್ಸರ್

ಎಲ್ಲರಿಗೂ ವಂದನೆಗಳು. ರೆಸಾರ್ಟಿನ ಸಂಘಟಕರಿಗೆ ಫೋನ್ ಮಾಡಿದೆ. ಎರಡನೆಯ ದಿನದ್ದು ‘ವಿಡಿಯೊ ಸಹಿತ ಸಂವಾದ’ ಎಂದು ಅವರೇ ಒಪ್ಪಿಕೊಂಡರು. ಆದ್ದರಿಂದ ಕಾಲೇಜಿನ ವರ್ಕ್‌ಶಾಪಿಗೆ ಹಣ ಕಟ್ಟಿದ್ದೇನೆ. ಅದು ಡಿಸೆಂಬರ್‌ನಲ್ಲಿ ಇರುವುದೂ ಅನುಕೂಲವಾಯಿತು. ಮರುದಿನ ಸ್ವಂತ ಖರ್ಚಿನಲ್ಲಿ ಮಲ್ಪೆಗೆ ಹೋಗುತ್ತೇವೆ. ಕಂಪನಿಯ ಪ್ರತಿನಿಧಿಗೆ ಬೇಡವೆಂದು ತಿಳಿಸಿದ್ದೇನೆ. ಟೆಕ್ನಾಲಜಿಸ್ಟರ ಮಾತು ಮನಸ್ಸಿಗೆ ನಾಟಿತು. ಒಂದು ನರ್ಸಿಂಗ್ ಹೋಮ್‌ನವರು ತಮ್ಮ ಸ್ಟಾಫ್ ನರ್ಸ್ ಒಬ್ಬರನ್ನು ಕಳುಹಿಸಲು ಒಪ್ಪಿದ್ದಾರೆ, ಕಾಲೇಜಿನವರ ಅನುಮತಿ ಕೇಳಬೇಕಾಗಿದೆ.

ಇನ್ನೊಂದು ಸಂದೇಹ. ಬ್ಲಾಕ್ ಆರಂಭಿಸುವ ಮೊದಲು ಸಣ್ಣ ಥಿಯೇಟರಿನಲ್ಲಿ ಲಿಪಿಡ್ (ಬ್ಲಾಕ್‌ನ ಔಷಧ ರಕ್ತಕ್ಕೆ ಸೇರಿ ವಿಷವಾದಾಗ ಕೊಡುವ ಕೊಬ್ಬಿನ ದ್ರಾವಣ) ಇಟ್ಟುಕೊಳ್ಳಲೇಬೇಕೇ? ದುಬಾರಿ, ಅವಧಿ ಮುಗಿದು ಎಸೆಯಬೇಕಾಗುತ್ತದೆ ಎಂದು ಮಾಲೀಕರ ಆಕ್ಷೇಪ.

ಉತ್ತರ 5: ಮಂಗಳೂರಿನ ಅಧ್ಯಾಪಕ

ಇಟ್ಟುಕೊಳ್ಳಲೇಬೇಕು. ಬ್ಲಾಕ್‌ಗೆ ಬಳಸುವ ಬ್ಯುಪಿವಕೇನ್ ರಕ್ತನಾಳಕ್ಕೆ ಸೇರಿ ಹೃದಯ ನಿಂತಾಗ ಔಷಧದಂಗಡಿಗೆ ಆಳು ಕಳುಹಿಸುವ ಸಮಯ ಇರುವುದಿಲ್ಲ. ಶೇ. 20ರ ಲಿಪಿಡ್ ಎಮಲ್ಶನ್ ಇರಲಿ. 70 ಕಿಲೋಗಿಂತ ಕಡಿಮೆ ತೂಕದವರಿಗೆ ಮೊದಲು ಕಿಲೋಗೆ 1.5 ಮಿ.ಲೀ.ನಂತೆ 2–3 ನಿಮಿಷಗಳಲ್ಲಿ, ಅಂದರೆ 60 ಕಿಲೋ ತೂಕದವರಿಗೆ 90 ಮಿ.ಲೀ.; ನಂತರ ನಿಮಿಷಕ್ಕೆ ಕಿಲೋಗೆ 0.25 ಮಿ.ಲೀ.ನಂತೆ ಮುಂದುವರಿಸಬೇಕು. ಒಟ್ಟು ಪ್ರಮಾಣ ಕಿಲೋಗೆ 12 ಮಿ.ಲೀ. ಮೀರಬಾರದು. ಅಡ್ರಿನಲಿನ್ ಅನ್ನು ಕಿಲೋಗೆ 1 ಮೈಕ್ರೋಗ್ರಾಂ ಮೀರದಂತೆ, ಸಣ್ಣ ಪ್ರಮಾಣದಲ್ಲಿ ಕೊಡಿ. ನಿದ್ರೆ ಬರಿಸುವ ಪ್ರೊಪೊಫಾಲ್ ಕೂಡ ಬೆಳ್ಳಗಿದೆ, ಅದರಲ್ಲಿಯೂ ಲಿಪಿಡ್ ಇದೆ ಎಂದು ಬದಲಿಗೆ ಬಳಸಲು ಹೊರಡುವವರಿದ್ದಾರೆ. ಅದು ರಕ್ತದೊತ್ತಡವನ್ನು ಇನ್ನಷ್ಟು ಕುಸಿಯುವಂತೆ ಮಾಡುತ್ತದೆ. ಈ ಪ್ರಮಾಣಗಳನ್ನು ದಪ್ಪ ಅಕ್ಷರಗಳಲ್ಲಿ ಬರೆಸಿ ಬಾಟಲಿಯ ಪಕ್ಕದಲ್ಲೇ ಅಂಟಿಸಿ, ಏಕೆಂದರೆ ಆ ಹೊತ್ತಿನಲ್ಲಿ ಯಾರಿಗೂ ನೆನಪಾಗುವುದಿಲ್ಲ.

ದುಬಾರಿ ಎಂಬ ಆಕ್ಷೇಪಕ್ಕೆ ದಾರಿಯಿದೆ. ನೀವು ಹೋಗುವ ನರ್ಸಿಂಗ್ ಹೋಮ್‌ಗಳು ಪರಸ್ಪರ ದೂರದಲ್ಲಿದ್ದರೆ ನಿಮ್ಮ ಸ್ವಂತ ಪೆಟ್ಟಿಗೆಯಲ್ಲೇ ಒಂದು ಬಾಟಲಿ ಇಟ್ಟುಕೊಂಡು, ಬ್ಲಾಕ್ ಇರುವ ದಿನ ಜೊತೆಗೆ ಒಯ್ಯಿರಿ. ಬಾಟಲಿ ಕಾರಿನ ಬಿಸಿಲಿನಲ್ಲಿ ಉಳಿಯಬಾರದು, ಅಷ್ಟು ಎಚ್ಚರವಿರಲಿ. ಅವಧಿ ಮುಗಿಯುವ ಮೊದಲೇ ಐಸಿಯು ಇರುವ ದೊಡ್ಡ ಆಸ್ಪತ್ರೆಯೊಂದಕ್ಕೆ ಕೊಟ್ಟು ಹೊಸದನ್ನು ಪಡೆಯುವ ಒಪ್ಪಂದ ಮಾಡಿಕೊಳ್ಳಲು ಸಾಧ್ಯವಿದ್ದರೆ ಎಸೆಯುವ ಪ್ರಮೇಯವೂ ಬರುವುದಿಲ್ಲ.

ನರ್ಸ್ ಅವರನ್ನು ಕರೆತರುವ ಬಗ್ಗೆ ಸಂಘಟಕರಿಗೆ ಈಗಲೇ ಬರೆಯಿರಿ. ಮೃತದೇಹದ ಮೇಲಿನ ಅಭ್ಯಾಸವಿದ್ದರೆ ಅಂಗರಚನಾ ವಿಭಾಗದವರು ಹಿಂದಿನ ದಿನ ಹೆಸರು ಸೇರಿಸಲು ಒಪ್ಪಲಿಕ್ಕಿಲ್ಲ. ನಿಮ್ಮ ಪರಿಷತ್ತಿನ ನೋಂದಣಿ ಸಂಖ್ಯೆಯನ್ನು ಅರ್ಜಿಯಲ್ಲಿ ಸರಿಯಾಗಿ ನಮೂದಿಸಿದ್ದೀರಾ ಎಂದು ಇನ್ನೊಮ್ಮೆ ನೋಡಿಕೊಳ್ಳಿ. ಪರಿಷತ್ತಿನ ವೀಕ್ಷಕರು ಬಂದಾಗ ಹಾಜರಾತಿ ನೋಡುವುದು ಆ ಸಂಖ್ಯೆಯ ಮೇಲೆಯೇ, ಕ್ರೆಡಿಟ್ ಸೇರುವುದೂ ಅದರ ಮೇಲೆಯೇ.